ಗಿರಿಜಳ ಗೊಡವೆ

“ಸುಟ್ಟವ್ರೆ” ಎಂದು ಅವಳು ಹೇಳಿದ್ದನ್ನು ನಾನು “ಗೊಡವ” ಎಂದು ಹೇಳಿದೆ. ನಾನು ಮಾಡಿದ ದ್ರೋಹ ಇಷ್ಟೇ — ಒಂದೇ ಒಂದು ಮಾತು. ನನ್ನ ತಮ್ಮ ತಿಪ್ಪೇಸ್ವಾಮಿ ತನ್ನ ಹೆಂಡತಿ ಗಿರಿಜಳ ಬೆನ್ನಿಗೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಿದ್ದ. ಅವಳು ಪೊಲೀಸ್ ಠಾಣೆಗೆ ಹೋಗಿ ಅದನ್ನು ಕನ್ನಡದಲ್ಲಿ ಹೇಳಿದಳು. ಅಲ್ಲಿದ್ದ ಎಸ್‌.ಐ.ಗೆ ಕನ್ನಡ ಬರುತ್ತಿರಲಿಲ್ಲ. ಅವಳ ಮಾತನ್ನು ತೆಲುಗಿನಲ್ಲಿ ಹೇಳಬೇಕಾದವಳು ನಾನು. ಅದಕ್ಕೆಂದೇ ಅವಳು ನನ್ನನ್ನು ನಂಬಿ ಜೊತೆಗೆ ಕರೆದುಕೊಂಡು ಹೋಗಿದ್ದಳು. ತೆಲುಗಿನಲ್ಲಿ ಗೊಡವ ಎಂದರೆ ಜಗಳ — ಗಂಡ ಹೆಂಡತಿ ಬೆಳಿಗ್ಗೆ ಆಡಿ ಸಂಜೆಗೆ ಮರೆಯುವಂಥ ಜಗಳ. ಆ ಮಾತು ಹೇಳಿ ನಾನು ಅವಳನ್ನು ಅದೇ ಮನೆಗೆ ವಾಪಸು ಕರೆತಂದೆ.

ಇದನ್ನು ಅರ್ಧ ಕೇಳಿದವರು ನನ್ನನ್ನು ಸಮಾಧಾನ ಮಾಡಲು ನೋಡುತ್ತಾರೆ. ಆವಾಗ ಕಾನೂನು ಯಾರಿಗೆ ಗೊತ್ತಿತ್ತು ಬಿಡ್ರಿ, ಅನ್ನುತ್ತಾರೆ. ಆ ಸಮಾಧಾನ ನನಗೆ ಸಲ್ಲುವುದಿಲ್ಲ. ನನಗೆ ಗೊತ್ತಿತ್ತು. ಹೆಂಡತಿಯನ್ನು ಸುಡುವುದು ಅಪರಾಧ, ಅದಕ್ಕೆ ಜೈಲಿದೆ ಎಂದು ಠಾಣೆಯಲ್ಲಿ ನಿಂತಿದ್ದಾಗಲೇ ನನಗೆ ತಿಳಿಸಿ ಹೇಳಿದ್ದರು. ತಿಳಿದ ಮೇಲೆಯೇ ನಾನು ಮಾತು ಬದಲಿಸಿದ್ದು. ತಿಳಿಯದೇ ಇದ್ದಿದ್ದರೆ ಬಹುಶಃ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಿದ್ದೆನೇನೋ —

ನಮ್ಮದು ರಾಯದುರ್ಗ, ತೆಲುಗು ರಾಜ್ಯಕ್ಕೆ ಸೇರಿದ ಗಡಿಯೂರು. ಯಾವ ಓಣಿಗೆ ಹೋದರೂ ಹೊಲಿಗೆ ಮಷಿನ್ನಿನ ಸದ್ದು. ಜೀನ್ಸ್ ಬಟ್ಟೆಯ ನೀಲಿ ನೂಲು ಚರಂಡಿಯಲ್ಲೂ ಇರುತ್ತಿತ್ತು, ಅನ್ನದ ತಟ್ಟೆಯಲ್ಲೂ ಇರುತ್ತಿತ್ತು. ತಿಪ್ಪೇಸ್ವಾಮಿ ಮನೆಯ ಮುಂದಿನ ಕೋಣೆಗೆ ಷಟರ್ ಹಾಕಿಸಿ ಒಂದಷ್ಟು ಮಷಿನ್ ಇಟ್ಟಿದ್ದ. ನಾನು ಗಂಡನ ಮನೆ ಬಿಟ್ಟು ಬಂದವಳು, ಅವನ ಆಶ್ರಯದಲ್ಲಿದ್ದೆ. ಹೊಲಿಯುತ್ತಿದ್ದೆ, ದಾರ ಕತ್ತರಿಸುತ್ತಿದ್ದೆ, ಮಾಲು ಕೊಡುವವರ ಜೊತೆ ತೆಲುಗಿನಲ್ಲಿ ಮಾತಾಡಿ ಒಳ್ಳೆಯ ದರ ಗಿಟ್ಟಿಸುತ್ತಿದ್ದೆ. ತೆಲುಗಿನಲ್ಲಿ ಓದಿದವಳು, ಕನ್ನಡದಲ್ಲಿ ಬೆಳೆದವಳು, ಎರಡರಲ್ಲೂ ತಡವರಿಸುತ್ತಿರಲಿಲ್ಲ. ಓಣಿಯಲ್ಲಿ ಯಾರಿಗೆ ಆಫೀಸಿನ ಕೆಲಸವಿದ್ದರೂ ಸರೋಜಕ್ಕನ ಕರಕೊಂಡು ಹೋಗ್ರಿ ಅನ್ನುತ್ತಿದ್ದರು. ನನಗೆ ಅದೊಂದು ಹಮ್ಮು. ಎರಡು ನಾಲಿಗೆಯವಳು ಎಂದು ಯಾರಾದರೂ ತಮಾಷೆ ಮಾಡಿದರೆ ನಗುತ್ತಿದ್ದೆ. ಆ ಮಾತಿಗೆ ಇನ್ನೊಂದು ಅರ್ಥವಿದೆ ಎಂದು ಆಗ ಯೋಚಿಸುತ್ತಿರಲಿಲ್ಲ.

ಗಿರಿಜ ಅಗಳಿ ಕಡೆಯ ಒಂದು ಹಟ್ಟಿಯವಳು. ಅಪ್ಪ ಕುರಿ ಕಾಯುವವನು, ಬೆದ್ದಲು ಹೊಲದಲ್ಲಿ ಒಂದಿಷ್ಟು ರಾಗಿ, ಕಡ್ಲೆಕಾಯಿ. ಅವಳು “ಬತ್ತೀನಿ, ಹೋತೀನಿ” ಅಂದರೆ ನಾವು ನಗುತ್ತಿದ್ದೆವು. ನಮ್ಮ “ಬರ್ರಿ, ಹೋಗ್ರಿ” ಕೇಳಿ ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಅವಳಿಗೆ ಬರುತ್ತಿದ್ದ ತೆಲುಗು ಸಂತೆಯ ತೆಲುಗು — ಕುರಿಯ ಹಲ್ಲು, ವಯಸ್ಸು, ಚೌಕಾಸಿ. ನಾವು ಆಡುವ ತೆಲುಗಿನ ವೇಗಕ್ಕೆ ಅವಳು ಮುಖ ಮುಖ ನೋಡುತ್ತಿದ್ದಳು. ಆದರೆ ಕೈ ಬಹಳ ಚುರುಕು. ಬಂದ ಹೊಸದರಲ್ಲೇ ಜೇಬು ಕೂಡಿಸುವುದನ್ನು ಕಲಿತಳು. ಅವಳು ಹೊಲಿದ ಜೇಬಿನ ಅಂಚನ್ನು ನಾನು ಬೆರಳಲ್ಲಿ ಸವರಿ ನೋಡಿ ಹೊಟ್ಟೆಕಿಚ್ಚು ಪಟ್ಟದ್ದೂ ಉಂಟು.

ತಿಪ್ಪೇಸ್ವಾಮಿ ಅವಳನ್ನು ಹೊಡೆಯುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೆ, ಮಾಲು ವಾಪಸು ಬಂದರೆ, ಏನೂ ಇಲ್ಲದಿದ್ದರೆ ಏನೂ ಇಲ್ಲ ಎಂಬುದಕ್ಕೆ. ಒಳಗಿನಿಂದ ಸದ್ದು ಬರಲು ಶುರುವಾದರೆ ಮುಂದಿನ ಕೋಣೆಯಲ್ಲಿದ್ದ ನಾನು ಮಷಿನ್ನಿನ ಪೆಡಲ್ ಒತ್ತುತ್ತಿದ್ದೆ. ಕೈಯಲ್ಲಿ ಕೆಲಸ ಇಲ್ಲದಿದ್ದರೆ ಒಂದು ಚಿಂದಿ ಬಟ್ಟೆ ಸಿಕ್ಕಿಸಿ ಅದರ ಮೇಲೇ ಹೊಲಿಗೆ ಓಡಿಸುತ್ತಿದ್ದೆ. ಬೀದಿಗೆ ಕೇಳಿಸಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವಾಗಿ — ನನಗೇ ಕೇಳಿಸಬಾರದಿತ್ತು. ಮರುದಿನ ಅವಳ ಮುಖ ಊದಿದ್ದರೆ, ಬಂದವರು ಕೇಳುವ ಮೊದಲೇ, ಮಷಿನ್ನಿನ ತಲೆಗೆ ತಲೆ ತಾಗಿಸಿಕೊಂಡಳು ಎಂದು ನಾನೇ ಹೇಳಿಬಿಡುತ್ತಿದ್ದೆ. ನಮ್ಮೂರಲ್ಲಿ ಆ ನೆಪವನ್ನು ಯಾರೂ ಕೆದಕುವುದಿಲ್ಲ.

ಒಂದು ಮಧ್ಯಾಹ್ನ ಗಿರಿಜ ಇಸ್ತ್ರಿ ಹಾಕುವಾಗ ಒಂದು ಪ್ಯಾಂಟು ಸೀದುಹೋಯಿತು. ತಮ್ಮ ಬಂದು ನೋಡಿದ. ಕೂಗಾಡಲಿಲ್ಲ. ಬಟ್ಟೆಗೆ ಹೆಂಗಾಗತೈತಿ ನಿನಗೂ ಗೊತ್ತಾಗಲಿ ಅಂದ. ಪೆಡಲ್ ಒತ್ತುವಷ್ಟು ಹೊತ್ತೂ ನನಗೆ ಸಿಗಲಿಲ್ಲ.

ಗಾಯಕ್ಕೆ ಮುಲಾಮು ಹಚ್ಚಿದವಳು ನಾನು. ಇಸ್ತ್ರಿ ಕೆಲಸ ಮಾಡುವವರ ಮುಂಗೈ ಮೇಲೆ ಸುಟ್ಟ ಗೆರೆಗಳು ಇದ್ದೇ ಇರುತ್ತವೆ, ನನಗೂ ಇವೆ. ಬೆನ್ನ ಮೇಲೆ ಇರುವುದಿಲ್ಲ. ಗಿರಿಜಳ ಬೆನ್ನಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿ ಪೂರ್ತಿ ಮೂಡಿತ್ತು, ಅಂಚು ಸಹಿತ. ಇಟ್ಟು, ಒತ್ತಿ, ಹಿಡಿದಿದ್ದರೆ ಮಾತ್ರ ಹಾಗಾಗುತ್ತದೆ. ನನಗೆ ಅದು ಕಂಡಿತು, ಅರ್ಥವಾಯಿತು. ಅವಳು ಬೋರಲು ಮಲಗಿದ್ದಲ್ಲೇ ಹೇಳಿದಳು, ಠಾಣೆಗೆ ಹೋಗಬೇಕು, ತನಗೆ ಅವರ ಮಾತು ಬರುವುದಿಲ್ಲ, ಅಕ್ಕ ನೀವು ಬಂದು ಹೇಳಬೇಕು ಎಂದು.

ನಾನು ಹ್ಞೂಂ ಅಂದೆ. ಕರುಣೆಯಿಂದ ಅಂದೆನೇ? ಇಷ್ಟು ವರ್ಷ ಅದನ್ನೇ ಕೆದಕಿ ನೋಡಿದ್ದೇನೆ. ಒಂದಿಷ್ಟು ಕರುಣೆ ಇತ್ತು. ಆದರೆ ಅದರ ಜೊತೆಗೇ ಇನ್ನೊಂದು ಯೋಚನೆಯೂ ಇತ್ತು — ನಾನು ಹೋಗದಿದ್ದರೆ ಬೇರೆ ಯಾರನ್ನಾದರೂ ಕರಕೊಂಡು ಹೋಗುತ್ತಾಳೆ, ಮಾತು ನನ್ನ ಕೈಯಲ್ಲಿದ್ದರೆ ಒಳ್ಳೆಯದು. ಆ ಯೋಚನೆ ಬಂದದ್ದು ನಿಜ. ಅದನ್ನು ಮುಚ್ಚಿಟ್ಟರೆ ಈ ನಿವೇದನೆಯೂ ಸುಳ್ಳಾಗುತ್ತದೆ.

ಠಾಣೆಯಲ್ಲಿದ್ದ ಎಸ್‌.ಐ. ಸಮುದ್ರದ ಕಡೆಯ ಜಿಲ್ಲೆಯಿಂದ ಹೊಸದಾಗಿ ಬಂದವರು. ಕನ್ನಡ ಬಲ್ಲವರೆಲ್ಲ ಆ ದಿನ ಯಾವುದೋ ಬಂದೋಬಸ್ತಿಗೆ ಹೋಗಿದ್ದರು, ಹೆಣ್ಣು ಪೊಲೀಸೂ ಇರಲಿಲ್ಲ. ಗಂಡಸರ ಎದುರು ರವಿಕೆ ಸರಿಸಿ ಬೆನ್ನು ತೋರಿಸಲು ಗಿರಿಜಳಿಗೆ ಆಗಲಿಲ್ಲ. ಹಾಗಾಗಿ ಅವಳ ಹತ್ತಿರ ಇದ್ದದ್ದು ಮಾತು ಮಾತ್ರ, ಮತ್ತು ಆ ಮಾತಿಗೆ ನಾನು. ಆ ಮನುಷ್ಯನನ್ನು ನಾನು ದೂರಲಾರೆ. ಅವಳನ್ನು ಕೂರಿಸಿದರು, ನೀರು ಕೊಡಿಸಿದರು. ಗಿರಿಜ ಅವರ ಕಡೆ ತಿರುಗಿ, ನಡುಗುತ್ತಾ, ಎಲ್ಲ ಹೇಳಿದಳು. ಅವರು ಅವಳ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ತೆಲುಗಿನಲ್ಲಿ, ಅವಳು ಹೇಳಿದ್ದನ್ನು ಒಂದೂ ಬಿಡದೆ ಹೇಳಮ್ಮ ಅಂದರು. ಹೆಂಡತಿ ಎಂದಾಕ್ಷಣ ಗಂಡನಿಗೆ ಮಾಫಿ ಇಲ್ಲ, ಹೊಡೆದಿದ್ದರೆ, ಸುಟ್ಟಿದ್ದರೆ, ಹಿಂಸೆ ಕೊಟ್ಟಿದ್ದರೆ ಈಗಲೇ ಕೇಸು ಬರೆಯುತ್ತೇನೆ, ಇವಳನ್ನು ಆಸ್ಪತ್ರೆಗೆ ಕಳಿಸಿ ಗಾಯ ಬರೆಸುತ್ತೇನೆ, ಅವನು ಒಳಗೆ ಹೋಗುತ್ತಾನೆ ಅಂದರು. ಕೊನೆಗೆ ಮೇಜಿನ ಮೇಲೆ ಬೆರಳು ಕುಟ್ಟಿ ಹೇಳಿದರು:

“ಇದಿ ನೇರಂ ಅಮ್ಮಾ. ನೇರಂ.”

ನೇರಂ ಎಂದರೆ ಅಪರಾಧ. ಆ ಮಾತನ್ನು ನಾನು ಮನೆಯೊಳಗಿನ ಹೊಡೆತಕ್ಕೆ ಅದುವರೆಗೆ ಅನ್ವಯಿಸಿ ನೋಡಿದವಳಲ್ಲ. ನೇರಂ ಅನ್ನುವುದು ಕಳ್ಳರದ್ದು, ಕೊಲೆಗಡುಕರದ್ದು. ನಮ್ಮ ಮನೆಯಲ್ಲಿ, ನಾನು ಪೆಡಲ್ ಒತ್ತುತ್ತಾ ಕೂತ ಕೋಣೆಯ ಗೋಡೆಯಾಚೆ, ಇಷ್ಟು ದಿನ ನಡೆದದ್ದು ಅದು — ಹಾಗೆಂದು ಆ ಕ್ಷಣ ಹೊಳೆಯಿತು. ಅದರ ಬೆನ್ನಿಗೇ, ಬೇಡಿ ಹಾಕಿಕೊಂಡು ಓಣಿಯಲ್ಲಿ ನಡೆಯುವ ತಮ್ಮ ಕಂಡ. ಇಳಿದ ಷಟರ್ ಕಂಡಿತು, ಅದರ ಹೊರಗೆ ಗಂಟುಮೂಟೆ ಹಿಡಿದು ನಿಂತ ನಾನು ಕಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಗಿರಿಜಳ ಬೆನ್ನು ಮಾತ್ರ ಕಾಣಲಿಲ್ಲ.

“ಗೊಡವ ಸಾರ್,” ಅಂದೆ. “ಗೊಡವ, ಅಂತೇ.” ಜಗಳ, ಅಷ್ಟೇ.

ಅವರು ನಂಬಲಿಲ್ಲ. ಇಷ್ಟು ಹೊತ್ತು ಅತ್ತು ಹೇಳಿದ್ದು ಬರೀ ಗೊಡವವೇ ಎಂದು ಮತ್ತೆ ಕೇಳಿದರು. ನಾನು ಹೌದೆಂದೆ. ಹಳ್ಳಿಯ ಹುಡುಗಿ, ಬೇಗ ಅಳುತ್ತಾಳೆ ಅಂದೆ. ಅವರು ಗಿರಿಜಳನ್ನು ನೋಡಿ, ಅಷ್ಟೇನಾ ಎಂಬಂತೆ ಕೈ ತಿರುಗಿಸಿದರು. ಅವಳು — ಹೌದೆಂದು ತಲೆಯಾಡಿಸಿದಳು.

ಅವಳು ಯಾಕೆ ತಲೆಯಾಡಿಸಿದಳು ಎಂದು ಹೊರಗೆ ಬಂದ ಮೇಲೆ ಗೊತ್ತಾಯಿತು. ಬೇವಿನ ಮರದ ಕೆಳಗೆ ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಬೆಚ್ಚಗಿತ್ತು, ಜ್ವರ ಶುರುವಾಗಿತ್ತೇನೋ.

“ನೇರ ಹೇಳು ಅಂದ್ರು, ನೀವು ನೇರವಾಗೇ ಹೇಳಿದ್ರಿ. ಇಷ್ಟ್ ದಿನ ನನ್ ಗೊಡವೆ ಯಾರ್ಗೂ ಬ್ಯಾಡಾಗಿತ್ತು. ನೀವಾದ್ರೂ ತಗಂಡ್ರಲ್ಲಕ್ಕ.”

ಕನ್ನಡದ ನೇರ, ಕನ್ನಡದ ಗೊಡವೆ. ನಮ್ಮ ತೆಲುಗಿನ ಪ್ರವಾಹದಲ್ಲಿ ಪರಿಚಯದವು ಅನ್ನಿಸಿದ ಆ ಎರಡು ಮಾತನ್ನು ಹಿಡಿದುಕೊಂಡು, ಸಾಹೇಬರು ನೇರವಾಗಿ ಹೇಳು ಅಂದರು, ಅಕ್ಕ ಇವಳ ಗೊಡವೆ ನೋಡಿ ಸಾರ್ ಎಂದು ಬೇಡಿಕೊಂಡಳು ಎಂದು ತಿಳಿದಿದ್ದಳು. ಗೊಡವ ಎಂಬ ತೆಲುಗು ಮಾತು ಅಗಳಿ ಕಡೆಯವರಿಗೆ ತಿಳಿಯದ್ದೇನಲ್ಲ, ಅವಳೂ ಸಂತೆಯಲ್ಲಿ ಕೇಳಿರಬೇಕು. ಆದರೆ ಆ ಗಾಬರಿಯಲ್ಲಿ, ಆ ಉರಿಯಲ್ಲಿ, ನನ್ನ ಬಾಯಿಂದ ತನಗೆ ಬೇಕಾದದ್ದನ್ನೇ ಅವಳು ಕೇಳಿಸಿಕೊಂಡಳು. ನನ್ನ ಬಾಯಿಂದ ಇನ್ನೇನು ಬಂದೀತು ಎಂಬ ಅನುಮಾನವೇ ಅವಳಿಗೆ ಇರಲಿಲ್ಲ.

ಅಲ್ಲಿಯೇ ತಿದ್ದಬಹುದಿತ್ತು. ಠಾಣೆಯ ಬಾಗಿಲು ಹಿಂದೆಯೇ ಇತ್ತು. ನಾನು ಅವಳ ಕೈ ಬಿಡಿಸಿಕೊಂಡು, ನಡಿ, ಹೊತ್ತಾತು ಅಂದೆ. ಒಳಗೆ ಆಡಿದ ಮಾತು ಹೆದರಿಕೆಯಲ್ಲಿ ಆಡಿದ್ದು ಎನ್ನಬಹುದೇನೋ. ಈ ಸುಮ್ಮನಿರುವಿಕೆಗೆ ಏನನ್ನಲಿ?

ಸುದ್ದಿ ತಿಳಿದು ಅವಳಪ್ಪ ಬಂದ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು. ಮಗಳನ್ನು ಕರಕೊಂಡು ಹೋಗಲೆಂದೇ ಬಂದಿದ್ದ. ಗಿರಿಜ ಹೋಗಲಿಲ್ಲ. ಪೊಲೀಸರಿಗೆ ಎಲ್ಲ ಗೊತ್ತಾಗಿದೆ, ಅಕ್ಕ ಹೇಳಿದ್ದಾರೆ, ಇನ್ನು ನಮ್ಮ ಮನೆಯವರು ನನ್ನ ಮುಟ್ಟುವುದಿಲ್ಲ ಎಂದು ಅಪ್ಪನಿಗೇ ಧೈರ್ಯ ಹೇಳಿದಳು. ಅಡುಗೆ ಮನೆಯಲ್ಲಿ ನಿಂತು ನಾನು ಅದೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ಮುದುಕ ಹೋಗುವಾಗ ನನಗೆ ಕೈಮುಗಿದ. ಅವನು ಕೈಮುಗಿದದ್ದನ್ನು ನೆನೆದರೆ ಈಗಲೂ ಮೈ ಹಿಡಿಯಷ್ಟಾಗುತ್ತದೆ.

ತಮ್ಮನಿಗೆ ನಿಜ ಹೇಳಿದ್ದೆ. ಏನಂತ ಹೇಳಿದಿ ಅಕ್ಕಾ ಎಂದು ಕೇಳಿದ, ಗೊಡವ ಅಂತ ಹೇಳಿದೆ ಅಂದೆ. ತಟ್ಟೆ ಎಳೆದುಕೊಂಡು ಊಟಕ್ಕೆ ಕೂತ. ಅವನಿಗೂ ಆ ದಿನ ಒಂದು ವಿಷಯ ತಿಳಿಯಿತು: ಏನು ಮಾಡಿದರೂ ಗೊಡವ ಎಂದು ಹೇಳುವವರು ಮನೆಯಲ್ಲೇ ಇದ್ದಾರೆ ಎಂದು. ಹಾಗೆ ನೋಡಿದರೆ ಮುಂದಿನದ್ದಕ್ಕೆ ಅವನಿಗೆ ಅನುಮತಿ ಕೊಟ್ಟವಳು ನಾನೇ.

ಬೆನ್ನಿನ ಗಾಯ ಇನ್ನೂ ಪೂರ್ತಿ ಮಾಯ್ದಿರಲಿಲ್ಲ. ಮುಂದಿನ ಕೋಣೆಯಲ್ಲೇ ಅವನು ಮತ್ತೆ ಕೈ ಎತ್ತಿದ. ಗಿರಿಜ ಈ ಸಲ ಬಗ್ಗಲಿಲ್ಲ. ಮುಟ್ಟಿದರೆ ಠಾಣೆಗೆ ಹೋಗುತ್ತೇನೆ, ಅಲ್ಲಿ ಎಲ್ಲ ಬರೆದುಕೊಂಡಿದ್ದಾರೆ ಅಂದಳು. ಅವನು ನಕ್ಕ.

“ಏನೂ ಬರಕೊಂಡಿಲ್ಲ. ಬರೇ ಗೊಡವ ಅಂತ ಹೇಳ್ಯಾಳ ಅಕ್ಕ. ಕೇಳಲ್ಲಿ.”

ಗಿರಿಜ ನನ್ನ ಕಡೆ ತಿರುಗಿದಳು. ನಾನು ಮಷಿನ್ ಮುಂದೆ ಕೂತಿದ್ದೆ. ನಾನು ತಲೆ ತಗ್ಗಿಸಿದೆ, ಅವಳಿಗೆ ಉತ್ತರ ಸಿಕ್ಕಿತು. ಅವಳು ಬೀದಿಗೆ ಓಡಲು ನೋಡಿದಳು. ಷಟರ್ ಅರ್ಧ ಇಳಿದಿತ್ತು. ಬಗ್ಗಿ, ಹೊಸ್ತಿಲ ಮೇಲೆ ಬಲಗೈ ಊರಿ ಹೊರಗೆ ನುಸುಳುತ್ತಿದ್ದಾಗ ಅವನು ಷಟರನ್ನು ಎರಡೂ ಕೈಯಿಂದ ಕೆಳಕ್ಕೆ ಎಳೆದ. ಆಸ್ಪತ್ರೆಯಲ್ಲಿ, ಷಟರ್ ಜಾರಿತು ಅಂದ. ನಾನು ಪಕ್ಕದಲ್ಲೇ ನಿಂತಿದ್ದೆ.

ಜೇಬಿನ ಅಂಚನ್ನು ಅಷ್ಟು ನೀಟಾಗಿ ಕೂಡಿಸುತ್ತಿದ್ದ ಆ ಕೈಯ ಬೆರಳುಗಳು ಮತ್ತೆ ನೆಟ್ಟಗಾಗಲಿಲ್ಲ. ಅಪ್ಪ ಬಂದು ಅವಳನ್ನು ಕರಕೊಂಡು ಹೋದ. ಮುಂದೆ ಅವಳು ಗಡಿಯಾಚೆಯ ಯಾವುದೋ ಗಾರ್ಮೆಂಟ್ಸಿಗೆ ಹಳ್ಳಿಯ ಹೆಂಗಸರ ಜೊತೆ ವ್ಯಾನಿನಲ್ಲಿ ಹೋಗಿಬರುತ್ತಿದ್ದಾಳೆಂದು ಕೇಳಿದೆ. ಹೊಲಿಗೆಗೆ ತೆಗೆದುಕೊಳ್ಳಲಿಲ್ಲವಂತೆ. ಎಡಗೈಯಲ್ಲಿ ಕತ್ತರಿ ಹಿಡಿಯುವುದನ್ನು ಕಲಿತು ದಾರ ಕತ್ತರಿಸುತ್ತಾಳಂತೆ.

ಅಲ್ಲಿ ಯಾರೋ ಅವಳಿಗೆ ಹೇಳಿದ್ದಾರೆ, ತವರಿನಲ್ಲಿ ಇದ್ದುಕೊಂಡೇ ಕೇಸು ಹಾಕಬಹುದು, ಬಡವರಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ ಎಂದು. ಅವಳ ತವರಿನ ಕಡೆಯ ಮಡಕಶಿರಾ ಕೋರ್ಟಿನಲ್ಲಿ ಕೇಸು ನಡೆಯಿತು. ವಾಯಿದೆ ಮೇಲೆ ವಾಯಿದೆ, ವರ್ಷಗಳು ಹೋದವು. ತಮ್ಮನ ಪರ ಸಾಕ್ಷಿ ಹೇಳಲು ನಾನು ಹೋದೆ. ಅವನ ವಕೀಲರು ಬಹಳ ಸುಲಭ ಎಂದಿದ್ದರು. ಕೈ ಷಟರಿಗೆ ಸಿಕ್ಕಿದ್ದು ಆಕಸ್ಮಿಕ, ಸುಟ್ಟ ಕಥೆ ಆಮೇಲೆ ಕಟ್ಟಿದ್ದು. ಯಾಕೆಂದರೆ ಮೊದಲ ಸಲ ಠಾಣೆಗೆ ಹೋದಾಗ ಅವಳೇ ಗೊಡವ ಎಂದಿದ್ದಾಳೆ. ಅಷ್ಟು ಹೇಳಿ ಇಳಿದುಬಿಡಿ ಅಂದಿದ್ದರು. ನನ್ನ ಒಂದು ಮಾತು ಅಷ್ಟು ವರ್ಷ ಕಾದು ಕೂತು ಈಗ ಅವಳನ್ನೇ ಸುಳ್ಳಿಯನ್ನಾಗಿ ಮಾಡಲು ಹೊರಟಿತ್ತು.

ಗಿರಿಜ ಗೋಡೆಗೆ ಒರಗಿ ನಿಂತಿದ್ದಳು, ಬಲಗೈ ಸೆರಗಿನೊಳಗೆ. ವಕೀಲರು ತೆಲುಗಿನಲ್ಲಿ ಕೇಳಿದರು. ನಾನು ತೆಲುಗಿನಲ್ಲೇ, ಅವಳು ಗೊಡವ ಅಂದಳು ಅಂದೆ. ಹೌದು — ಅಲ್ಲೂ, ಪ್ರಮಾಣ ಮಾಡಿದ ಮೇಲೂ, ಮೊದಲು ಬಂದದ್ದು ಅದೇ. ಜಡ್ಜಮ್ಮ ಬರೆಸುವುದನ್ನು ನಿಲ್ಲಿಸಿದರು. ಆಕೆ ಅಂದು ಯಾವ ಭಾಷೆಯಲ್ಲಿ ಮಾತಾಡಿದಳು ಎಂದು ಕೇಳಿದರು. ಕನ್ನಡದಲ್ಲಿ ಅಂದೆ. ಹಾಗಾದರೆ ಅವಳು ಆಡಿದ ಕನ್ನಡವನ್ನೇ ಆಡಿ, ಗುಮಾಸ್ತರು ನನಗೆ ತಿಳಿಸುತ್ತಾರೆ ಅಂದರು.

ಕನ್ನಡದಲ್ಲಿ ಆ ಗೊಡವ ಇರಲಿಲ್ಲ. ಜಗಳ ಅನ್ನಬಹುದಿತ್ತು, ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಅವಳ ಮಾತನ್ನು ಅವಳ ಮಾತಲ್ಲೇ ಆಡಲು ಬಾಯಿ ತೆರೆದಾಗ ಅಗಳಿಯ ರಾಗವೇ ಬಂತು, ಠಾಣೆಯ ಆ ಕುರ್ಚಿ ಬಂತು, ಅವಳು ನಡುಗುತ್ತಿದ್ದದ್ದು ಬಂತು. ಇಷ್ಟು ವರ್ಷ ಒಂದಕ್ಷರವೂ ಮರೆತಿರಲಿಲ್ಲ ನಾನು.

“ಕಾದ ಇಸ್ತ್ರಿ ಬೆನ್ನಿಗೆ ಇಟ್ಟು ಸುಟ್ಟವ್ರೆ ಸಾ. ನಾನ್ ಆ ಮನೇಲಿದ್ರೆ ಉಳಿಯಕಿಲ್ಲ. ನನ್ನ ಉಳಿಸ್ಕಳ್ಳಿ.”

ಹೇಳಿದೆ. ಹೇಳಿ, ಇದನ್ನು ಗೊಡವ ಎಂದು ತಿರುಗಿಸಿದವಳು ನಾನು, ಅವಳಲ್ಲ ಅಂದೆ. ಷಟರ್ ಜಾರಲಿಲ್ಲ, ಎಳೆದದ್ದನ್ನು ಕಣ್ಣಾರೆ ಕಂಡೆ ಅಂದೆ. ತಮ್ಮ ನನ್ನನ್ನು ನೋಡುತ್ತಿದ್ದ. ನಾನು ಅವನನ್ನು ನೋಡಲಿಲ್ಲ.

ಅವನಿಗೆ ಶಿಕ್ಷೆಯಾಯಿತು. ಹೆಂಡತಿಗೆ ಹಿಂಸೆ ಕೊಟ್ಟದ್ದಕ್ಕೆ ಒಂದು, ಕೈ ಮುರಿದದ್ದಕ್ಕೆ ಒಂದು. ಮದುವೆಯಾದವನು ಎಂಬುದು ರಿಯಾಯಿತಿಯಲ್ಲ, ಅದು ತಪ್ಪನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ ಎಂದು ಜಡ್ಜಮ್ಮ ಹೇಳಿದರು. ನನಗೆ ಯಾವ ಶಿಕ್ಷೆಯೂ ಆಗಲಿಲ್ಲ. ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೂ ಕೇಸಾಗಬಹುದು ಎಂದು ವಕೀಲರು ಹೆದರಿಸಿದ್ದರು. ಯಾರೂ ಹಾಕಲಿಲ್ಲ. ಹಾಕಿದ್ದರೆ ಒಂದಿಷ್ಟು ನಿದ್ದೆ ಬರುತ್ತಿತ್ತೇನೋ.

ತೀರ್ಪಿನ ದಿನ ಕೋರ್ಟಿನ ಆವರಣದಲ್ಲಿ ಗಿರಿಜಳ ಹತ್ತಿರ ಹೋದೆ. ನಿಜ ಹೇಳಿದ್ದೇನಲ್ಲ, ನನ್ನ ಮುಖ ನೋಡುತ್ತಾಳೆ, ಒಂದು ಮಾತಾದರೂ ಆಡುತ್ತಾಳೆ — ಎಂಥ ಆಸೆ ನೋಡಿ. ನಂದು ತಪ್ಪಾತು ಗಿರಿಜಾ ಅಂದೆ. ಕೆಲಸದ ಕೂಲಿ, ಅಪ್ಪನ ಆರೋಗ್ಯ ಏನೇನೋ ಕೇಳಿದೆ. ಏನಾದರೂ ಬೇಕಾದರೆ ಹೇಳಿ ಕಳಿಸು ಅಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಕೋಪ ಇರಲಿಲ್ಲ. ಚೀಲವನ್ನು ಎಡಗೈಗೆ ಸಿಕ್ಕಿಸಿಕೊಂಡಳು.

“ಇನ್ಮ್ಯಾಕೆ ನನ್ ಗೊಡವೆ ನಿಮಗ್ ಬ್ಯಾಡಕ್ಕ,” ಅಂದಳು.

ಅಕ್ಕ ಎನ್ನುವುದನ್ನು ಮಾತ್ರ ಬಿಟ್ಟಿರಲಿಲ್ಲ. ಅಗಳಿಯ ಬಸ್ಸು ನಿಂತಿತ್ತು, ಹತ್ತಿ ಹೋದಳು.

ಅವಳ ಮಾತು ಮೀರಿ ನಾನು ಅವಳ ಕಡೆ ಹೋಗಿಲ್ಲ. ರಾಯದುರ್ಗದಲ್ಲೇ ಒಂದು ಬಾಡಿಗೆ ಕೋಣೆಯಲ್ಲಿದ್ದೇನೆ, ದಾರ ಕತ್ತರಿಸುತ್ತೇನೆ. ತಮ್ಮ ಬಿಡುಗಡೆಯಾಗಿ ಬಂದ ಮೇಲೂ ಮಾತಿಲ್ಲ. ಓಣಿಯ ಹೆಂಗಸರು ಈಗಲೂ ಠಾಣೆಗೋ ಕೋರ್ಟಿಗೋ ನನ್ನನ್ನು ಕರೆಯುತ್ತಾರೆ. ಹೋಗುವ ಮೊದಲು ನಾನು ಹಿಂದೆ ಏನು ಮಾಡಿದ್ದೆ ಎಂದು ಹೇಳುತ್ತೇನೆ. ಕೆಲವರು ಕೇಳಿ ಬೇರೆಯವರನ್ನು ಕರಕೊಂಡು ಹೋಗುತ್ತಾರೆ, ಅದು ಸರಿಯೇ. ಕರೆದವರ ಜೊತೆ ಹೋದಾಗ ತೆಲುಗಿನಲ್ಲಿ ಏನು ಹೇಳಿದೆ ಎಂಬುದನ್ನು ಅಲ್ಲೇ ಅವರಿಗೆ ಕನ್ನಡದಲ್ಲಿ ತಿಳಿಸಿ, ಸರಿಯಾ ಎಂದು ಕೇಳಿಯೇ ಮುಂದೆ ಹೋಗುತ್ತೇನೆ. ಇದರಿಂದ ಗಿರಿಜಳ ಬೆರಳು ನೆಟ್ಟಗಾಗುವುದಿಲ್ಲ.

ಇದನ್ನು ಬರೆದದ್ದು ಅವಳು ಓದಲಿ ಎಂದಲ್ಲ. ಓದಿದರೂ ಕ್ಷಮಿಸಲಿ ಎಂದು ಕೇಳುವ ಹಕ್ಕು ನನಗಿಲ್ಲ. ಅಂದು ಠಾಣೆಯಲ್ಲಿ ಅವಳು ಆಡಿದ ಮಾತನ್ನು, ಕೊನೆಗೆ ಕೋರ್ಟಿನ ಆವರಣದಲ್ಲಿ ಆಡಿದ ಮಾತನ್ನು, ಅವಳು ಆಡಿದ ಹಾಗೆಯೇ ಮೇಲೆ ಇಟ್ಟಿದ್ದೇನೆ. ಈ ಸಲ ಏನನ್ನೂ ಬದಲಿಸಿಲ್ಲ.